ತೀರ್ಪು ಬರೆದು ಸುಮ್ಮನಾಗದ ನ್ಯಾಯಾಧೀಶ: ಅಲಬಾಮಾದ ಫ್ರಾಂಕ್ ಜಾನ್ಸನ್ ಬಗ್ಗೆ ಮಾತಾಡೋಣ

ಮೂಡಲಮನೆ

ಅಮೆರಿಕದ ಅಲಬಾಮಾ ರಾಜ್ಯದ ಮಾಂಟ್‌ಗೊಮರಿಯ ಸಿಟಿ ಬಸ್ಸಿನಲ್ಲಿ ಕಪ್ಪು ಜನ ಯಾವ ಸೀಟಿನಲ್ಲಾದರೂ ಕೂರಬಹುದು ಎಂದು ತೀರ್ಪು ಕೊಟ್ಟವರಲ್ಲಿ ಒಬ್ಬರು, ಸೆಲ್ಮಾದ ಮೆರವಣಿಗೆಗೆ ಹೆದ್ದಾರಿ ಬಿಡಿಸಿಕೊಟ್ಟವರು, ಮಾನಸಿಕ ಆಸ್ಪತ್ರೆಯಲ್ಲಿ ಎಂಟು ರೋಗಿಗಳಿಗೆ ಒಂದಾದರೂ ಶೌಚಾಲಯ ಇರಲೇಬೇಕು ಎಂದು ಆದೇಶದಲ್ಲಿ ಬರೆದವರು: ಈ ಮೂರೂ ಒಬ್ಬರೇ ಮನುಷ್ಯ. ಹೆಸರು ಫ್ರಾಂಕ್ ಜಾನ್ಸನ್ ಜೂನಿಯರ್. ಅವರು ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದವರಲ್ಲ. ಸಾಕ್ಷಿ ಕೇಳುವ, ವಕೀಲರ ಜಗಳ ಬಿಡಿಸುವ ವಿಚಾರಣಾ ಕೋರ್ಟಿನಲ್ಲಿ 1955ರಿಂದ 1979ರವರೆಗೆ ಕೂತವರು. ಅವರ ಬಗ್ಗೆ ಕನ್ನಡದಲ್ಲಿ ಒಂದು ಕಡೆ ಮಾತಾಡಬೇಕು ಅಂತ ಬಹಳ ದಿನದಿಂದ ಆಸೆಯಿತ್ತು. ನನಗೆ ಗೊತ್ತಿರುವಷ್ಟು ಹೇಳ್ತೀನಿ, ಉಳಿದದ್ದನ್ನು ನೀವು ಸೇರಿಸಿ.

ಹುಟ್ಟಿದ್ದು 1918ರ ಅಕ್ಟೋಬರ್ 30ರಂದು, ಉತ್ತರ ಅಲಬಾಮಾದ ವಿನ್‌ಸ್ಟನ್ ಕೌಂಟಿಯಲ್ಲಿ. ಈ ಊರಿನ ಕಥೆ ತಿಳಿಯದಿದ್ದರೆ ಆ ಮನುಷ್ಯನೂ ಅರ್ಥವಾಗುವುದಿಲ್ಲ. ಗುಡ್ಡಗಾಡು, ಬಡ ಬೇಸಾಯಗಾರರ ಸೀಮೆ, ಗುಲಾಮರನ್ನು ಇಟ್ಟುಕೊಂಡ ದೊಡ್ಡ ಹತ್ತಿ ತೋಟಗಳು ಅಲ್ಲಿ ಇರಲಿಲ್ಲ ಎನ್ನಬಹುದು. 1861ರಲ್ಲಿ ಅಲಬಾಮಾ ಒಕ್ಕೂಟದಿಂದ ಹೊರಗೆ ಹೋಗಲು ಹೊರಟಾಗ ವಿನ್‌ಸ್ಟನ್‌ನಿಂದ ಹೋಗಿದ್ದ ಪ್ರತಿನಿಧಿ ಕ್ರಿಸ್ಟೋಫರ್ ಶೀಟ್ಸ್ ಸಹಿ ಹಾಕಲು ಒಪ್ಪಲಿಲ್ಲ. ರಾಜ್ಯ ಒಕ್ಕೂಟ ಬಿಡಬಹುದಾದರೆ ಕೌಂಟಿ ರಾಜ್ಯ ಬಿಡಬಾರದೇಕೆ ಎಂಬ ವಾದ ಆ ಊರಿನದು. ಇಡೀ ದಕ್ಷಿಣ ಡೆಮಾಕ್ರಟಿಕ್ ಪಕ್ಷದ ಕೈಯಲ್ಲಿದ್ದ ಕಾಲದಲ್ಲೂ ಅಲ್ಲಿನವರು ರಿಪಬ್ಲಿಕನ್ನರಾಗಿ ಉಳಿದರು. ಜಾನ್ಸನ್ ಅವರ ತಂದೆಯೂ ಅಂಥವರೇ. ಊರೆಲ್ಲ ಒಂದು ಕಡೆ ಇದ್ದಾಗ ಇನ್ನೊಂದು ಕಡೆ ನಿಲ್ಲುವುದು ಆ ಮನೆಯವರಿಗೆ ಹೊಸದಾಗಿರಲಿಲ್ಲ.

1943ರಲ್ಲಿ ಅಲಬಾಮಾ ವಿಶ್ವವಿದ್ಯಾಲಯದಿಂದ ಕಾನೂನು ಪದವಿ. ಆಮೇಲೆ ಯುದ್ಧ. ಕಾಲಾಳು ಪಡೆಯ ಅಧಿಕಾರಿಯಾಗಿ ನಾರ್ಮಂಡಿಯಲ್ಲಿ ಗಾಯಗೊಂಡರು. ವಾಪಸ್ ಬಂದು ಜಾಸ್ಪರ್ ಎಂಬ ಸಣ್ಣ ಊರಿನಲ್ಲಿ ವಕೀಲಿ. 1953ರಲ್ಲಿ ಉತ್ತರ ಅಲಬಾಮಾಕ್ಕೆ ಫೆಡರಲ್ (ಅಂದರೆ ಕೇಂದ್ರದ) ಸರ್ಕಾರಿ ವಕೀಲರಾದರು. ಅಲ್ಲಿ ಅವರು ನಡೆಸಿದ ಒಂದು ಪ್ರಕರಣವನ್ನು ನಾವು ಕನ್ನಡಿಗರು ಗಮನಿಸಬೇಕು. ಸಮ್ಟರ್ ಕೌಂಟಿಯ ಬಿಳಿ ಜಮೀನ್ದಾರ ಸೋದರರಿಬ್ಬರು ಕಪ್ಪು ಕೂಲಿಗಳನ್ನು ಜೀತಕ್ಕಿಟ್ಟುಕೊಂಡಿದ್ದರು. ಹೊಡೆತ ತಿಂದ ಒಬ್ಬ ಕೂಲಿ ಸತ್ತೂ ಹೋಗಿದ್ದ. 1954ರಲ್ಲಿ ಅಲಬಾಮಾದ ಬಿಳಿಯರ ಜ್ಯೂರಿಯಿಂದಲೇ ಆ ಸೋದರರಿಗೆ ಶಿಕ್ಷೆ ಕೊಡಿಸಿದರು ಜಾನ್ಸನ್.

1955ರ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಅವರನ್ನು ಮಧ್ಯ ಅಲಬಾಮಾ ಜಿಲ್ಲೆಯ ಫೆಡರಲ್ ನ್ಯಾಯಾಧೀಶರನ್ನಾಗಿ ನೇಮಿಸಿದರು. ಆಗ ವಯಸ್ಸು ಇನ್ನೂ 37 ತುಂಬಿರಲಿಲ್ಲ. ಕೋರ್ಟು ಮಾಂಟ್‌ಗೊಮರಿಯಲ್ಲಿ. ಅದೇ ಡಿಸೆಂಬರ್ 1ರಂದು, ಅದೇ ಊರಿನಲ್ಲಿ, ರೋಸಾ ಪಾರ್ಕ್ಸ್ ಎಂಬ ಕಪ್ಪು ಮಹಿಳೆ ಬಿಳಿಯರಿಗಾಗಿ ಬಸ್ಸಿನ ಸೀಟು ಬಿಟ್ಟೇಳಲಿಲ್ಲ.

ಅದರಿಂದ ಶುರುವಾದ ಬಸ್ ಬಹಿಷ್ಕಾರದ ಕಥೆ ಎಲ್ಲರಿಗೂ ಗೊತ್ತು. ಕೋರ್ಟಿನ ಕಥೆ ಅಷ್ಟು ಜನಕ್ಕೆ ಗೊತ್ತಿಲ್ಲ. ಫ್ರೆಡ್ ಗ್ರೇ ಎಂಬ ಎಳೆ ವಯಸ್ಸಿನ ಕಪ್ಪು ವಕೀಲರು ರೋಸಾ ಪಾರ್ಕ್ಸ್ ಅವರ ಹೆಸರಿನಲ್ಲಿ ಅಲ್ಲ, ಬೇರೆ ನಾಲ್ವರ ಹೆಸರಿನಲ್ಲಿ ಫೆಡರಲ್ ಕೋರ್ಟಿಗೆ ಹೋದರು: ಅರೇಲಿಯಾ ಬ್ರೌಡರ್, ಸೂಸಿ ಮೆಕ್‌ಡೊನಾಲ್ಡ್, ಮೇರಿ ಲೂಯಿಸ್ ಸ್ಮಿತ್, ಮತ್ತು ಕ್ಲಾಡೆಟ್ ಕಾಲ್ವಿನ್. ಕ್ಲಾಡೆಟ್ ಬಸ್ಸಿನಲ್ಲಿ ಬಂಧನವಾದಾಗ 15 ವರ್ಷದ ಹುಡುಗಿ, ಅದೂ ಪಾರ್ಕ್ಸ್‌ಗಿಂತ ಒಂಬತ್ತು ತಿಂಗಳು ಮೊದಲು. ಮೂವರು ನ್ಯಾಯಾಧೀಶರ ಪೀಠ: ರಿಚರ್ಡ್ ರೈವ್ಸ್, ಸೀಬೋರ್ನ್ ಲಿನ್, ಜಾನ್ಸನ್. ವಿಚಾರಣೆ ಮುಗಿಸಿ ಒಳಕೋಣೆಗೆ ಹೋದಾಗ ಕಿರಿಯರು ಮೊದಲು ಮಾತಾಡಬೇಕೆಂಬ ರೂಢಿ. ಕೆಲಸಕ್ಕೆ ಬಂದು ಇನ್ನೂ ವರ್ಷ ತುಂಬದ ಜಾನ್ಸನ್ ಬಸ್ಸಿನಲ್ಲಿ ಬಣ್ಣ ನೋಡಿ ಬೇರೆ ಕೂರಿಸುವುದು ಸಂವಿಧಾನಕ್ಕೆ ವಿರುದ್ಧ ಎಂದುಬಿಟ್ಟರು. ರೈವ್ಸ್ ಒಪ್ಪಿದರು. 1956ರ ಜೂನ್ 5ರಂದು ಎರಡಕ್ಕೆ ಒಂದು ಮತದಿಂದ ತೀರ್ಪು. ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಡಿಸೆಂಬರ್‌ನಲ್ಲಿ ಬಸ್ಸುಗಳಲ್ಲಿ ಎಲ್ಲರೂ ಒಟ್ಟಿಗೆ ಕೂತರು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಹಕ್ಕು ಇದೆ ಎಂದು ಸುಪ್ರೀಂ ಕೋರ್ಟ್ ಘೋಷಿಸಬಹುದು. ಅದನ್ನು ಒಬ್ಬ ಪೊಲೀಸ್ ಆಯುಕ್ತ, ಒಬ್ಬ ಮತದಾರ ನೋಂದಣಿ ಅಧಿಕಾರಿ, ಒಬ್ಬ ಜೈಲು ಸೂಪರಿಂಟೆಂಡೆಂಟ್ ಪಾಲಿಸುವಂತೆ ಮಾಡುವುದು ವಿಚಾರಣಾ ನ್ಯಾಯಾಧೀಶ. ಜಾನ್ಸನ್ ದೊಡ್ಡವರಾದದ್ದು ಈ ಎರಡನೇ ಕೆಲಸದಲ್ಲಿ.

ತಾಲೂಕು ವಕೀಲ

ಒಳ್ಳೆಯ ವಿಷಯ ಎತ್ತಿದ್ದೀರಿ ಸರ್. ಆದರೆ ನಮ್ಮ ಕೋರ್ಟಿನಲ್ಲಿ ದಿನಾ ನಿಲ್ಲುವ ನನಗೆ ಒಂದು ಕಡೆ ತೊಡಕಾಯಿತು, ಬೇರೆ ಓದುಗರಿಗೂ ಆಗಬಹುದು. ನಮ್ಮಲ್ಲಿ ಸಿವಿಲ್ ಜಡ್ಜಾಗಲಿ ಜಿಲ್ಲಾ ನ್ಯಾಯಾಧೀಶರಾಗಲಿ ಒಂದು ಕಾಯ್ದೆ ಸಂವಿಧಾನಕ್ಕೆ ವಿರುದ್ಧ ಎಂದು ಹೊಡೆದುಹಾಕುವಂತಿಲ್ಲ. ಅಂಥ ಪ್ರಶ್ನೆ ಬಂದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ (ಸಿಪಿಸಿ) 113ನೇ ಕಲಮಿನಡಿ ಹೈಕೋರ್ಟಿಗೆ ಕಳಿಸಬೇಕು. ರಿಟ್ ಬೇಕೆಂದರೆ ಸಂವಿಧಾನದ 226 ಅಥವಾ 32ನೇ ವಿಧಿ, ಅಂದರೆ ಹೈಕೋರ್ಟ್ ಇಲ್ಲವೇ ಸುಪ್ರೀಂ ಕೋರ್ಟ್. ಅಲ್ಲಿ ಸಾಕ್ಷಿ ವಿಚಾರಣೆ ಅಪರೂಪ, ಬಹುಪಾಲು ಅಫಿಡವಿಟ್ ಮೇಲೆಯೇ ನಡೆಯುತ್ತದೆ. ಅಮೆರಿಕದಲ್ಲಿ ಕೆಳಗಿನ ಕೋರ್ಟಿಗೇ ಇಷ್ಟು ಅಧಿಕಾರ ಹೇಗೆ ಬಂತು? ಇನ್ನೊಂದು, ಇಂಥ ತೀರ್ಪು ಕೊಟ್ಟ ಮೇಲೆ ವರ್ಗಾವಣೆ ಮಾಡಲಿಲ್ಲವೇ?

ಮೂಡಲಮನೆ

ವಕೀಲರೇ, ವರ್ಗಾವಣೆ ಎಂಬುದೇ ಅಲ್ಲಿ ಇಲ್ಲ. ಫೆಡರಲ್ ನ್ಯಾಯಾಧೀಶರನ್ನು ಅಧ್ಯಕ್ಷರು ಹೆಸರಿಸಬೇಕು, ಸೆನೆಟ್ ಒಪ್ಪಬೇಕು. ಒಪ್ಪಿದ ಮೇಲೆ ಜೀವಾವಧಿ ಹುದ್ದೆ. ನಿವೃತ್ತಿ ವಯಸ್ಸು ಇಲ್ಲ, ಸಂಬಳ ಕಡಿತ ಮಾಡುವಂತಿಲ್ಲ, ತೆಗೆಯಬೇಕೆಂದರೆ ಮಹಾಭಿಯೋಗವೇ ಆಗಬೇಕು. ಸಂವಿಧಾನದ ಮೂರನೇ ವಿಧಿ ಕೊಟ್ಟ ರಕ್ಷಣೆ ಇದು. ಅಲಬಾಮಾದ ರಾಜ್ಯ ಕೋರ್ಟುಗಳ ನ್ಯಾಯಾಧೀಶರು ಚುನಾವಣೆಯಲ್ಲಿ ಗೆದ್ದು ಬರುವವರು, ಬಿಳಿ ಮತದಾರರ ಕೋಪ ಕಟ್ಟಿಕೊಂಡರೆ ಮನೆಗೆ ಹೋಗಬೇಕು. ಜಾನ್ಸನ್ ಅವರಿಗೆ ಆ ಭಯ ಇರಲಿಲ್ಲ. ಧೈರ್ಯ ಅವರದೇ, ಆದರೆ ಆ ಧೈರ್ಯ ನಿಲ್ಲುವುದಕ್ಕೆ ಒಂದು ನೆಲ ಇತ್ತು ಎಂಬುದನ್ನು ಮರೆಯಬಾರದು.

ಅಲ್ಲಿ ಯಾವ ಮಟ್ಟದ ಕೋರ್ಟಾದರೂ ಸಂವಿಧಾನವನ್ನು ನೇರವಾಗಿ ಅನ್ವಯಿಸಬಹುದು. ರಾಜ್ಯದ ಕಾಯ್ದೆಯನ್ನು ತಡೆಯಬೇಕಾದಾಗ ಮಾತ್ರ ಆಗಿನ ನಿಯಮದಂತೆ ಮೂವರ ಪೀಠ ಕೂರಬೇಕಿತ್ತು, ಅದರ ವಿರುದ್ಧ ಮೇಲ್ಮನವಿ ನೇರ ಸುಪ್ರೀಂ ಕೋರ್ಟಿಗೆ. ಬಸ್ಸಿನ ಪ್ರಕರಣ ಅಷ್ಟು ಬೇಗ ಮೇಲೆ ಹೋದದ್ದು ಅದಕ್ಕೇ.

ಲಿನ್ ಅವರ ಭಿನ್ನಮತವನ್ನೂ ಇಲ್ಲಿ ಹೇಳಬೇಕು. ರೈಲಿನಲ್ಲಿ ಬೇರೆ ಬೇರೆ ಕೂರಿಸಬಹುದು ಎಂದು ಸುಪ್ರೀಂ ಕೋರ್ಟ್ 1896ರಲ್ಲಿ ಪ್ಲೆಸ್ಸಿ ಪ್ರಕರಣದಲ್ಲಿ ಹೇಳಿತ್ತು. ಬಣ್ಣ ನೋಡಿ ಬೇರ್ಪಡಿಸುವುದು ತಪ್ಪು ಎಂದ 1954ರ ಬ್ರೌನ್ ತೀರ್ಪು ಶಾಲೆಗಳ ಬಗ್ಗೆ ಮಾತ್ರ. ಮೇಲಿನ ಕೋರ್ಟ್ ತಾನೇ ಪ್ಲೆಸ್ಸಿಯನ್ನು ತೆಗೆದುಹಾಕುವವರೆಗೆ ಕೆಳಗಿನವರು ಕಾಯಬೇಕು ಎಂಬುದು ಲಿನ್ ವಾದ. ಇದನ್ನು ಜನಾಂಗದ್ವೇಷ ಎಂದು ತಳ್ಳಿಹಾಕಲಾಗದು, ಕೆಳಕೋರ್ಟಿನ ಶಿಸ್ತಿನ ಪ್ರಶ್ನೆ ಅದು. ಬ್ರೌನ್ ತೀರ್ಪಿನ ತರ್ಕ ಶಾಲೆಯ ಕಾಂಪೌಂಡಿನೊಳಗೆ ನಿಲ್ಲುವಂಥದ್ದಲ್ಲ ಎಂದು ರೈವ್ಸ್, ಜಾನ್ಸನ್ ಕಂಡುಕೊಂಡರು.

ಮಲಪ್ರಭಾ ದಂಡಿ

ನೋಡ್ರಿ, ಜಾರ್ಜ್ ವ್ಯಾಲೇಸ್ ಹೆಸರು ಯಾರೂ ಇನ್ನೂ ತಗದಿಲ್ಲ. ಅವನ ಬಿಟ್ಟು ಜಾನ್ಸನ್ ಸಾಹೇಬ್ರ ಕಥಿ ಪೂರ್ತಿ ಆಗೂದಿಲ್ಲ.

ಇಬ್ಬರೂ ಒಂದ ಕಾಲೇಜಿನ್ಯಾಗ ಲಾ ಓದಿದ ದೋಸ್ತರು. 1958ರಾಗ ವ್ಯಾಲೇಸ್ ಗವರ್ನರ್ ಚುನಾವಣಿಗೆ ನಿಂತು ಸೋತಾ. ಆಗ ಅಂವ ರಾಜ್ಯದ ಸರ್ಕಿಟ್ ಕೋರ್ಟಿನ ಜಡ್ಜ್ ಇದ್ದಾ. ಅದ ಹೊತ್ತಿಗೆ ನಾಗರಿಕ ಹಕ್ಕುಗಳ ಆಯೋಗದವರು ಕಪ್ಪು ಮಂದಿಯ ಹೆಸರು ಮತದಾರರ ಪಟ್ಟಿಗೆ ಯಾಕ ಸೇರವಲ್ತು ಅಂತ ತನಿಖಿಗೆ ಬಂದ್ರು, ನೋಂದಣಿ ದಫ್ತರ ಕೇಳಿದ್ರು. ಕೊಡಂಗಿಲ್ಲ, ಬೇಕಾದ್ರ ಜೈಲಿಗೆ ಹೋಗ್ತೀನಿ ಅಂತ ವ್ಯಾಲೇಸ್ ಪೇಪರಿನವರ ಮುಂದ ಗರ್ಜಿಸಿದಾ. 1959ರ ಜನವರಿಯೊಳಗ ಜಾನ್ಸನ್ ಆದೇಶ ಮಾಡಿದ್ರು: ದಫ್ತರ ಕೊಡಬೇಕು, ಇಲ್ಲಾಂದ್ರ ನ್ಯಾಯಾಂಗ ನಿಂದನೆ.

ವ್ಯಾಲೇಸ್ ರಾತ್ರಿ ಜಾನ್ಸನ್ ಮನಿಗೆ ಬಂದು, ಸಣ್ಣ ಶಿಕ್ಷಾ ಕೊಟ್ರ ನನಗ ರಾಜಕೀಯವಾಗಿ ಅನುಕೂಲ ಆಗ್ತದ ಅಂದಾ ಅಂತ ಜಾನ್ಸನ್ ಮುಂದ ಹೇಳಿದ್ರು. ವ್ಯಾಲೇಸ್ ಅದನ್ನ ಅಲ್ಲಗಳದಾ. ಆದ್ರ ಮುಂದ ಆದದ್ದು ಕೋರ್ಟಿನ ದಾಖಲಿಯೊಳಗ ಐತಿ. ದಫ್ತರಾನ ಗ್ರ್ಯಾಂಡ್ ಜ್ಯೂರಿ (ಖಟ್ಲೆ ಹಾಕಬೇಕೋ ಬ್ಯಾಡೋ ಅಂತ ನೋಡೋ ನಾಗರಿಕರ ಮಂಡಳಿ) ಕೈಗೆ ಕೊಟ್ಟಾ, ಗ್ರ್ಯಾಂಡ್ ಜ್ಯೂರಿಯವರು ಆಯೋಗದವರಿಗೆ ತೋರಿಸಿದ್ರು. ಹೊರಗ ಬಗ್ಗಲಿಲ್ಲ ಅನ್ನೋ ಹೆಸರು, ಒಳಗ ಆದೇಶ ಪಾಲನೆ. ಜಾನ್ಸನ್ ನಿಂದನೆ ಆಗಿಲ್ಲ ಅಂತ ಬಿಟ್ಟ್ರು ಖರೆ, ಆದ್ರ ಸುತ್ತುಬಳಸಿ ದಫ್ತರ ಕೊಟ್ಟಾನ ಅನ್ನೂದನ್ನ ತೀರ್ಪಿನೊಳಗ ಬಿಚ್ಚಿ ಬರದ್ರು. ಜೈಲಿಗೆ ಕಳಿಸಿದ್ರ ವ್ಯಾಲೇಸ್‌ಗ ಹುತಾತ್ಮನ ಪಟ್ಟ ಸಿಗ್ತಿತ್ತು. ಅದನ್ನ ಸಿಗದಂಗ ಮಾಡಿದ್ದು ದೊಡ್ಡ ಜಾಣತನ ಅಂತ ನನಗ ಅನಸ್ತದ.

ಅವತ್ತಿನಿಂದ ವ್ಯಾಲೇಸ್ ಊರೂರಿಗೆ ಹೋಗಿ ಜಾನ್ಸನ್ ಅವರನ್ನ ಸುಳ್ಳ, ದ್ರೋಹಿ ಅಂತ ಬೈದು ಮತ ಕೇಳಿದಾ. 1962ರಾಗ ಗೆದ್ದೂ ಬಂದಾ. ಮುಂದಿನ ಹದಿನೈದು ವರ್ಷ ಅಲಬಾಮಾದ ರಾಜಕಾರಣ ಅಂದ್ರ ಈ ಇಬ್ಬರ ನಡುವಿನ ಹಣಾಹಣಿ ಅಂದ್ರೂ ನಡೀತದ.

ಶರಾವತಿ ತೀರ

ಎಲ್ಲರೂ ಹೊಗಳುತ್ತಿದ್ದೀರಿ. ಹೊಗಳಿಕೆಗೆ ಯೋಗ್ಯರೇ ಅವರು, ಆದರೆ ಪೂರ್ತಿ ಚಿತ್ರ ಇಡೋಣ.

ಟಸ್ಕೀಗಿ ಊರಿನ ಎಲ್ಲೆಯನ್ನು ಅಲಬಾಮಾ ಶಾಸನಸಭೆ 1957ರಲ್ಲಿ 28 ಮೂಲೆಗಳ ವಿಚಿತ್ರ ಆಕಾರಕ್ಕೆ ಕತ್ತರಿಸಿತು. ಹೆಚ್ಚುಕಡಿಮೆ ಎಲ್ಲ ಕಪ್ಪು ಮತದಾರರೂ ಊರ ಹೊರಗೆ ಬಿದ್ದರು, ಬಿಳಿಯರೆಲ್ಲ ಒಳಗುಳಿದರು. ಅಲ್ಲಿನ ಪ್ರಾಧ್ಯಾಪಕ ಚಾರ್ಲ್ಸ್ ಗೊಮಿಲಿಯನ್ ದಾವೆ ಹೂಡಿದರು. ಆ ದಾವೆಯನ್ನು ವಜಾ ಮಾಡಿದವರು ಯಾರು? ಜಾನ್ಸನ್. ಎಲ್ಲೆ ಬರೆಯುವುದು ಶಾಸನಸಭೆಯ ಅಧಿಕಾರ, ಕೋರ್ಟಿನದಲ್ಲ ಎಂದರು. 1960ರಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ಅದನ್ನು ಬುಡಮೇಲು ಮಾಡಿತು.

1961ರಲ್ಲಿ ಫ್ರೀಡಂ ರೈಡರ್‌ಗಳ, ಅಂದರೆ ಬೇರ್ಪಡಿಕೆ ಧಿಕ್ಕರಿಸಿ ಕಪ್ಪು ಬಿಳಿಯರು ಒಟ್ಟಿಗೆ ಬಸ್ಸಿನಲ್ಲಿ ಹೊರಟವರ ಬಸ್ಸು ಬಂದಾಗ ಮಾಂಟ್‌ಗೊಮರಿ ನಿಲ್ದಾಣದಲ್ಲಿ ಗುಂಪು ಹೊಡೆದು ರಕ್ತ ಹರಿಸಿತು, ಪೊಲೀಸರು ಆ ಹೊತ್ತಿಗೆ ನಾಪತ್ತೆ. ಜಾನ್ಸನ್ ಕು ಕ್ಲಕ್ಸ್ ಕ್ಲಾನ್ ಎಂಬ ಬಿಳಿಯರ ಹಿಂಸಾವಾದಿ ಗುಪ್ತಸಂಘದ ಮೇಲೂ ಪೊಲೀಸರ ಮೇಲೂ ತಡೆಯಾಜ್ಞೆ ಹಾಕಿದರು. ಸರಿ. ಅದರ ಜೊತೆಗೇ ಪ್ರಯಾಣ ಮುಂದುವರಿಸದಂತೆ ರೈಡರ್‌ಗಳ ಸಂಘಟನೆಗಳ ಮೇಲೂ ತಾತ್ಕಾಲಿಕ ತಡೆ ಹಾಕಿದರು. ಪೆಟ್ಟು ತಿಂದವರನ್ನೂ ಕೊಟ್ಟವರನ್ನೂ ಒಂದೇ ದಿನ ಕಟ್ಟಿಹಾಕುವುದು ಯಾವ ಸಮತೋಲ? ಇದನ್ನು ಬಿಟ್ಟು ಬರೆದರೆ ಅದು ಜೀವನಚರಿತ್ರೆ ಆಗುವುದಿಲ್ಲ, ಪುರಾಣ ಆಗುತ್ತದೆ.

ಮೂಡಲಮನೆ

ಶರಾವತಿ ಅವರೇ, ಎರಡೂ ನಿಜ, ಎರಡನ್ನೂ ಇಡಬೇಕಾದದ್ದೇ. ಎರಡನೆಯದರ ಬಗ್ಗೆ ನನಗೂ ನಿಮ್ಮಷ್ಟೇ ಬೇಸರವಿದೆ.

ಆದರೆ ಗೊಮಿಲಿಯನ್ ಪ್ರಕರಣ ನಡೆದ ಅದೇ ಮೇಕನ್ ಕೌಂಟಿಯಲ್ಲಿ ಮುಂದೇನಾಯಿತು ನೋಡಿ. ಟಸ್ಕೀಗಿ ವಿದ್ಯಾಸಂಸ್ಥೆಯ ಅಧ್ಯಾಪಕರು, ಪದವೀಧರರು ಅರ್ಜಿ ಹಾಕಿದರೂ ಮತದಾರರ ಪಟ್ಟಿಗೆ ಸೇರಿಸುತ್ತಿರಲಿಲ್ಲ. ಅರ್ಜಿಯಲ್ಲಿ ಒಂದು ಸಣ್ಣ ತಪ್ಪು ಹಿಡಿದು ತಿರಸ್ಕಾರ. ಅಕ್ಷರ ಸರಿಯಾಗಿ ಬಾರದ ಬಿಳಿಯರ ಅರ್ಜಿಗೆ ಅಧಿಕಾರಿಗಳೇ ಸಹಾಯ. ಕೇಂದ್ರ ಸರ್ಕಾರ ದಾವೆ ಹಾಕಿದಾಗ ನೋಂದಣಿ ಅಧಿಕಾರಿಗಳು ರಾಜೀನಾಮೆ ಕೊಟ್ಟು ಹೊರಟರು. ಪ್ರತಿವಾದಿಯೇ ಇಲ್ಲ ಎಂದು ಜಾನ್ಸನ್ ಮೊದಲು ಆ ದಾವೆಯನ್ನೂ ವಜಾ ಮಾಡಬೇಕಾಯಿತು. 1960ರ ಕಾಯ್ದೆ ರಾಜ್ಯವನ್ನೇ ಪ್ರತಿವಾದಿ ಮಾಡಲು ದಾರಿ ತೆರೆಯಿತು. 1961ರಲ್ಲಿ ಅವರು ಸಾಕ್ಷ್ಯವೆಲ್ಲ ಕೇಳಿ ಕೊಟ್ಟ ಆದೇಶದ ತಿರುಳು ಇದು: ಇಲ್ಲಿಯವರೆಗೆ ಪಟ್ಟಿಗೆ ಸೇರಿದ ಬಿಳಿಯರಲ್ಲಿ ಅತಿ ಕಡಿಮೆ ಅರ್ಹತೆ ಯಾರಿಗಿತ್ತೋ, ಕಪ್ಪು ಅರ್ಜಿದಾರರಿಗೂ ಅಷ್ಟೇ ಅರ್ಹತೆ ಸಾಕು. ಅಷ್ಟು ವರ್ಷ ಬಿಳಿಯರಿಗೆ ಬಾಗಿಲು ತೆರೆದಿಟ್ಟು, ಕೋರ್ಟು ಕಣ್ಣು ಬಿಟ್ಟಾಗ ಎಲ್ಲರಿಗೂ ಪರೀಕ್ಷೆ ಕಠಿಣ ಮಾಡುವ ತಂತ್ರಕ್ಕೆ ಅಲ್ಲಿಗೆ ತೆರೆ.

ಸಿದ್ಧಾಂತದ ತೀರ್ಪಿನಲ್ಲಿ ಅವರು ಹಿಂಜರಿದದ್ದುಂಟು. ಸಾಕ್ಷಿಕಟ್ಟೆಯಿಂದ ಸಂಗತಿಗಳು ಬಂದು ಎದುರಿಗೆ ಬಿದ್ದಾಗ ಹಿಂಜರಿದದ್ದನ್ನು ನಾನು ಕಾಣೆ.

ಅಟ್ಲಾಂಟಾ ಕನ್ನಡಿಗ

ನಮಸ್ಕಾರ ಎಲ್ಲರಿಗೂ. ನಾನಿರುವ ಅಟ್ಲಾಂಟಾದಿಂದ ಮಾಂಟ್‌ಗೊಮರಿ ಕಾರಿನಲ್ಲಿ ಅರ್ಧ ದಿನದೊಳಗಿನ ದಾರಿ. ಇಂಡಿಯಾದಿಂದ ನೆಂಟರು ಬಂದಾಗ ಸೆಲ್ಮಾದ ಎಡ್ಮಂಡ್ ಪೆಟಸ್ ಸೇತುವೆಯನ್ನೂ ಮಾಂಟ್‌ಗೊಮರಿಯ ಕೋರ್ಟ್ ಕಟ್ಟಡವನ್ನೂ ತೋರಿಸುತ್ತೇನೆ. ಆ ಕಟ್ಟಡಕ್ಕೆ 1992ರಿಂದ ಜಾನ್ಸನ್ ಅವರದೇ ಹೆಸರು. ಸೇತುವೆ ಎಲ್ಲರಿಗೂ ಗೊತ್ತಿರುತ್ತದೆ, ಕೋರ್ಟಿನ ಮುಂದೆ ನಿಂತಾಗ ಮಾತ್ರ ಇಲ್ಲೇನಾಯಿತು ಎಂದು ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತೇನೆ.

1965ರ ಮಾರ್ಚ್ 7, ಭಾನುವಾರ. ಮತದಾನದ ಹಕ್ಕು ಕೇಳಿ ಸೆಲ್ಮಾದಿಂದ ಹೊರಟವರನ್ನು ಸೇತುವೆಯಾಚೆ ರಾಜ್ಯ ಪೊಲೀಸರು ಲಾಠಿ, ಅಶ್ರುವಾಯು, ಕುದುರೆಗಳಿಂದ ಬಡಿದರು. ವಕೀಲರು ತಕ್ಷಣ ಜಾನ್ಸನ್ ಮುಂದೆ ಹೋಗಿ, ಮೆರವಣಿಗೆಗೆ ರಾಜ್ಯ ಅಡ್ಡಿ ಮಾಡದಂತೆ ಆದೇಶ ಕೊಡಿ ಎಂದರು. ಜಾನ್ಸನ್ ಕೊಡಲಿಲ್ಲ. ವಿಚಾರಣೆ ಆಗುವವರೆಗೆ ಮೆರವಣಿಗೆ ಬೇಡ ಎಂದು ಉಲ್ಟಾ ತಡೆ ಕೊಟ್ಟರು. ಅದಕ್ಕೇ 9ನೇ ತಾರೀಖು ಮಾರ್ಟಿನ್ ಲೂಥರ್ ಕಿಂಗ್ ಸೇತುವೆ ದಾಟಿ, ಪ್ರಾರ್ಥನೆ ಮಾಡಿ, ಜನರನ್ನು ವಾಪಸ್ ಕರೆದುಕೊಂಡು ಬಂದರು. ಜೊತೆಗಿದ್ದ ಯುವಕರಲ್ಲಿ ಎಷ್ಟೋ ಮಂದಿಗೆ ಇದು ಸಹಿಸಲಾಗಲಿಲ್ಲ.

ಆಮೇಲೆ ನಡೆದ ವಿಚಾರಣೆಯೇ ಎಲ್ಲವನ್ನೂ ಬದಲಿಸಿದ್ದು. ತಲೆಗೆ ಪೆಟ್ಟು ತಿಂದ ಮೆರವಣಿಗೆಯ ಮುಂದಾಳು ಜಾನ್ ಲೂಯಿಸ್ ಕಟಕಟೆಗೆ ಬಂದು ಹೇಳಿದರು. ಸೇತುವೆಯ ಮೇಲಿನ ಹೊಡೆತದ ಟಿವಿ ಫಿಲ್ಮನ್ನು ಕೋರ್ಟಿನಲ್ಲೇ ಹಾಕಿ ತೋರಿಸಿದರು. ಮೆರವಣಿಗೆಯವರು ಎಷ್ಟು ಜನ, ಎಲ್ಲಿ ತಂಗುತ್ತಾರೆ, ಊಟ, ವೈದ್ಯರು, ಶೌಚಾಲಯ ಏನು ಮಾಡುತ್ತಾರೆ ಎಂಬ ಪೂರ್ಣ ಯೋಜನೆ ಬರಹದಲ್ಲಿ ಬೇಕು ಎಂದು ನ್ಯಾಯಾಧೀಶರು ತರಿಸಿಕೊಂಡರು.

ಮಾರ್ಚ್ 17ರ ತೀರ್ಪು ಅಲ್ಲಿಯವರೆಗೆ ಯಾರೂ ಹೇಳದ ಮಾತು ಹೇಳಿತು. ಹೆದ್ದಾರಿಯಲ್ಲಿ ನಡೆದು ಪ್ರತಿಭಟಿಸುವ ಹಕ್ಕಿನ ವ್ಯಾಪ್ತಿ, ಆ ಜನ ಅನುಭವಿಸಿದ ಅನ್ಯಾಯದ ಪ್ರಮಾಣಕ್ಕೆ ತಕ್ಕಂತೆ ಇರಬೇಕು. ಇಲ್ಲಿನ ಅನ್ಯಾಯ ಅಗಾಧ, ಹಾಗಾಗಿ ಹಕ್ಕೂ ಅಷ್ಟೇ ದೊಡ್ಡದು. ಆದರೂ ಲೆಕ್ಕ ತಪ್ಪಲಿಲ್ಲ: 80ನೇ ಹೆದ್ದಾರಿ ಎರಡೇ ಪಥಕ್ಕೆ ಕಿರಿದಾಗುವ ಕಡೆ 300ಕ್ಕಿಂತ ಹೆಚ್ಚು ಜನ ನಡೆಯುವಂತಿಲ್ಲ. ರಕ್ಷಣೆ ಕೊಡಲು ರಾಜ್ಯದ ಕೈಯಲ್ಲಿ ಆಗದು ಎಂದರು ವ್ಯಾಲೇಸ್. ಅಧ್ಯಕ್ಷ ಲಿಂಡನ್ ಜಾನ್ಸನ್ ಅಲಬಾಮಾದ ಮೀಸಲು ಸೇನೆಯಾದ ನ್ಯಾಷನಲ್ ಗಾರ್ಡನ್ನೇ ಕೇಂದ್ರದ ಹಿಡಿತಕ್ಕೆ ತೆಗೆದುಕೊಂಡರು. 21ಕ್ಕೆ ಹೊರಟವರು 25ಕ್ಕೆ ಮಾಂಟ್‌ಗೊಮರಿ ತಲುಪಿದಾಗ ಸುಮಾರು 25,000 ಜನ. ಆಗಸ್ಟ್‌ನಲ್ಲಿ ಮತದಾನ ಹಕ್ಕು ಕಾಯ್ದೆ ಬಂತು.

ಆ 25ರ ರಾತ್ರಿಯೇ ಮೆರವಣಿಗೆಯವರನ್ನು ಕಾರಿನಲ್ಲಿ ಬಿಟ್ಟುಬರುತ್ತಿದ್ದ ವಯೋಲಾ ಲಿಯುಜೊ ಎಂಬ ಐದು ಮಕ್ಕಳ ತಾಯಿಯನ್ನು ಕ್ಲಾನ್‌ನವರು ಗುಂಡಿಟ್ಟು ಕೊಂದರು. ರಾಜ್ಯದ ಕೋರ್ಟಿನಲ್ಲಿ ಕೊಲೆ ಆರೋಪಿ ಬಿಡುಗಡೆಯಾದ. ಡಿಸೆಂಬರ್‌ನಲ್ಲಿ ಕ್ಲಾನ್‌ನ ಮೂವರ ಮೇಲೆ ನಾಗರಿಕ ಹಕ್ಕುಗಳ ವಿರುದ್ಧ ಒಳಸಂಚಿನ ಆರೋಪದಲ್ಲಿ ಫೆಡರಲ್ ವಿಚಾರಣೆ, ಜಾನ್ಸನ್ ಮುಂದೆ. ಬಿಳಿ ಗಂಡಸರದೇ ಜ್ಯೂರಿ. ನಮ್ಮಲ್ಲಿ ಒಮ್ಮತ ಆಗುತ್ತಿಲ್ಲ ಎಂದು ಅವರು ಬಂದಾಗ ಜಾನ್ಸನ್ ವಾಪಸ್ ಕಳಿಸಿ, ಇನ್ನೂ ಯೋಚಿಸಿ ಎಂದರು. ಮೂವರೂ ಅಪರಾಧಿಗಳು ಎಂದು ತೀರ್ಪು ಬಂತು, ಆ ಕಾಯ್ದೆಯಲ್ಲಿ ಕೊಡಬಹುದಾದ ಪೂರ್ತಿ ಹತ್ತು ವರ್ಷ ಶಿಕ್ಷೆ ಕೊಟ್ಟರು.

ಜೇನುಗೂಡು

ನಾನು ಮಾನಸಿಕ ಆರೋಗ್ಯ ವಿಭಾಗದಲ್ಲಿ ನರ್ಸ್ ಆಗಿ ಕೆಲಸ ಮಾಡಿದವಳು. ನಮ್ಮ ಕ್ಷೇತ್ರದವರಿಗೆ ಜಾನ್ಸನ್ ಅಂದರೆ ಬಸ್ಸೂ ಅಲ್ಲ, ಮೆರವಣಿಗೆಯೂ ಅಲ್ಲ. ವಯಟ್ ವಿರುದ್ಧ ಸ್ಟಿಕ್ನಿ ಎಂಬ ಪ್ರಕರಣ.

ಟಸ್ಕಲೂಸಾದ ಬ್ರೈಸ್ ಮಾನಸಿಕ ಆಸ್ಪತ್ರೆಯಲ್ಲಿ 1970ರ ಹೊತ್ತಿಗೆ ಐದು ಸಾವಿರಕ್ಕೂ ಹೆಚ್ಚು ರೋಗಿಗಳಿದ್ದರು. ಸಿಗರೇಟ್ ತೆರಿಗೆಯ ಹಣ ಕಡಿಮೆಯಾಯಿತೆಂದು ಸುಮಾರು ನೂರು ಸಿಬ್ಬಂದಿಯನ್ನು ತೆಗೆದರು. ಕೆಲಸ ಹೋದವರು ಕೋರ್ಟಿಗೆ ಬಂದರು, ಅವರ ಜೊತೆ ರಿಕಿ ವಯಟ್ ಎಂಬ 15 ವರ್ಷದ ಹುಡುಗನ ಹೆಸರೂ ಬಂತು. ಅವನಿಗೆ ಮಾನಸಿಕ ಕಾಯಿಲೆಯೇ ಇರಲಿಲ್ಲ, ತಂಟೆ ಮಾಡುತ್ತಾನೆ ಎಂದು ತಂದು ಸೇರಿಸಿದ್ದರು. ನೌಕರಿಯ ತಕರಾರಾಗಿ ಬಂದದ್ದು ಜಾನ್ಸನ್ ಮುಂದೆ ರೋಗಿಗಳ ಪ್ರಕರಣವಾಗಿ ತಿರುಗಿತು. 1971ರ ಮಾರ್ಚ್‌ನಲ್ಲಿ ಅವರು ಹೇಳಿದ್ದು ಇಷ್ಟು: ಚಿಕಿತ್ಸೆ ಕೊಡುತ್ತೇವೆ ಎಂಬ ಕಾರಣಕ್ಕೆ ಒಬ್ಬನ ಸ್ವಾತಂತ್ರ್ಯ ಕಿತ್ತುಕೊಂಡು, ಆಮೇಲೆ ಚಿಕಿತ್ಸೆಯನ್ನೇ ಕೊಡದಿದ್ದರೆ ಅದು ಸಂವಿಧಾನದ ಉಲ್ಲಂಘನೆ. ಹಣವಿಲ್ಲ ಎಂಬುದು ಉತ್ತರವಾಗದು.

ರಾಜ್ಯಕ್ಕೆ ಆರು ತಿಂಗಳು ಕೊಟ್ಟರು. ರಾಜ್ಯ ಏನೂ ಮಾಡಲಿಲ್ಲ. ತಜ್ಞರನ್ನು ಕರೆಸಿ ಸಾಕ್ಷ್ಯ ಕೇಳಿ, 1972ರ ಏಪ್ರಿಲ್‌ನಲ್ಲಿ ಕನಿಷ್ಠ ಮಾನದಂಡಗಳನ್ನೇ ಬರೆದು ಕೊಟ್ಟರು. ಒಂದು ಕೋಣೆಯಲ್ಲಿ ಆರಕ್ಕಿಂತ ಹೆಚ್ಚು ರೋಗಿಗಳು ಬೇಡ. ನಾನು ಮೊದಲೇ ನೋಡಿದೆ, ಮೂಡಲಮನೆಯವರು ಹೇಳಿದ ಶೌಚಾಲಯದ ಲೆಕ್ಕವೂ ಇಲ್ಲಿಯದೇ. ಪ್ರತಿ ರೋಗಿಗೂ ಅವರದೇ ಚಿಕಿತ್ಸಾ ಯೋಜನೆ, ಎಷ್ಟು ರೋಗಿಗೆ ಎಷ್ಟು ವೈದ್ಯರು, ಎಷ್ಟು ನರ್ಸ್, ಭೇಟಿಗೆ ಬರುವವರು, ಕಾಗದ, ಫೋನು. ಆಸ್ಪತ್ರೆಯ ಕೆಲಸಕ್ಕೆ ರೋಗಿಗಳನ್ನು ಬಿಟ್ಟಿಯಾಗಿ ದುಡಿಸುವಂತಿಲ್ಲ, ದುಡಿದರೆ ಕೂಲಿ ಕೊಡಬೇಕು.

ಈ ಕೊನೆಯ ಮಾತನ್ನು ಓದಿದಾಗ ನನಗೆ ನಮ್ಮ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನೆನಪಾಯಿತು. ಅದರ 20ನೇ ಕಲಮಿನಲ್ಲೂ ರೋಗಿಯನ್ನು ಬಲವಂತವಾಗಿ ಕೆಲಸಕ್ಕೆ ಹಚ್ಚಬಾರದು, ಮಾಡಿದ ಕೆಲಸಕ್ಕೆ ತಕ್ಕ ಸಂಭಾವನೆ ಕೊಡಬೇಕು ಎಂದಿದೆ. ವಾರ್ಡಿನಲ್ಲಿ ಕೆಲಸ ಮಾಡದವರಿಗೆ ಇದು ಸಣ್ಣ ವಿಷಯ ಅನ್ನಿಸಬಹುದು. ವರ್ಷಗಟ್ಟಲೆ ನೆಲ ಒರೆಸಿ, ಪಾತ್ರೆ ತಿಕ್ಕಿ, ಅದನ್ನೇ ಚಿಕಿತ್ಸೆ ಎಂದು ದಾಖಲೆಯಲ್ಲಿ ಬರೆಸಿಕೊಂಡವರಿಗೆ ಇದು ಸಣ್ಣದಲ್ಲ.

ಶರಾವತಿ ತೀರ

ಜೇನುಗೂಡು ಮೇಡಂ, ನೀವು ಹೇಳಿದ್ದು ಓದಿ ಮನಸ್ಸು ಭಾರವಾಯಿತು. ಆದರೂ ಕೇಳಲೇಬೇಕು. ಇದು ನ್ಯಾಯಾಧೀಶರ ಕೆಲಸವೇ? ಜನರಿಂದ ಆಯ್ಕೆಯಾಗದ, ಜೀವಾವಧಿ ಹುದ್ದೆಯ ಒಬ್ಬ ವ್ಯಕ್ತಿ ರಾಜ್ಯದ ಬಜೆಟ್ಟಿನ ಮೇಲೆ ಕೈ ಇಡುವುದು ಸರಿಯೇ? ಕಪ್ಪು ಜನರ ಹಕ್ಕಿಗಾಗಿ ಮಾಡಿದಾಗ ನಾವು ಚಪ್ಪಾಳೆ ತಟ್ಟುತ್ತೇವೆ. ನಾಳೆ ಬೇರೆ ಮನಸ್ಸಿನ ನ್ಯಾಯಾಧೀಶ ಬೇರೆ ಉದ್ದೇಶಕ್ಕೆ ಅದೇ ಅಧಿಕಾರ ಬಳಸಿದರೆ? ಜೈಲುಗಳ ವಿಷಯದಲ್ಲಿ ಮೇಲ್ಮನವಿ ಕೋರ್ಟೇ ಅವರ ಆದೇಶದ ಕೆಲವು ಭಾಗ ಕಡಿದುಹಾಕಿತ್ತಲ್ಲ.

ತಾಲೂಕು ವಕೀಲ

ಹೌದು, ಕಡಿದುಹಾಕಿತ್ತು. ನೀವು ಹೇಳಿದ ಮೇಲೆ ಆ ತೀರ್ಪುಗಳನ್ನು ಕೂತು ಓದಿದೆ.

1976ರ ಜನವರಿಯ ಪುಗ್ ವಿರುದ್ಧ ಲಾಕ್. ಅಲಬಾಮಾದ ಜೈಲುಗಳು ಮನುಷ್ಯರು ಬಾಳಲು ಲಾಯಕ್ಕಿಲ್ಲ ಎಂಬುದು ಸಾಕ್ಷ್ಯದಿಂದ ಸಾಬೀತಾಯಿತು. ಕಿಕ್ಕಿರಿದ ಬ್ಯಾರಕ್ಕು, ಚಾಕು ಹಿಡಿದ ಕೈದಿಗಳ ರಾಜ್ಯ, ಬಲಾತ್ಕಾರ, ಕಾವಲುಗಾರರಿಲ್ಲ. ರಾಜ್ಯದ ಪರ ವಕೀಲರೇ ಪರಿಸ್ಥಿತಿ ಸಂವಿಧಾನಕ್ಕೆ ವಿರುದ್ಧವಾಗಿದೆ ಎಂದು ಒಪ್ಪಿಕೊಂಡರು. ಆಗ ಜಾನ್ಸನ್ ಒಬ್ಬ ಕೈದಿಗೆ ಕನಿಷ್ಠ 60 ಚದರ ಅಡಿಯ ಕೋಣೆ ಸೇರಿದಂತೆ ಉದ್ದದ ಪಟ್ಟಿ ಕೊಟ್ಟು, ನಿಗಾ ಇಡಲು ನಾಗರಿಕರ ಸಮಿತಿ ಮಾಡಿದರು. 1977ರಲ್ಲಿ ಮೇಲ್ಮನವಿ ಕೋರ್ಟ್ ಮೂಲ ತೀರ್ಮಾನ ಎತ್ತಿಹಿಡಿದು, ಆ ಸಮಿತಿಯನ್ನು ಬೇಡ ಎಂದಿತು. ಅಂದರೆ ನೀವು ಕೇಳಿದ ಲಗಾಮು ವ್ಯವಸ್ಥೆಯೊಳಗೇ ಇತ್ತು.

ಬಜೆಟ್ಟಿನ ಪ್ರಶ್ನೆಗೆ ನನ್ನ ಉತ್ತರ: ಶಾಸಕರು ಜೈಲಿಗೆ ಹಣ ಕೊಡದಿದ್ದರೆ ಕೈದಿ ಮತ ಹಾಕಿ ಅವರನ್ನು ಸೋಲಿಸುವಂತಿಲ್ಲ. ಬೀಗ ಹಾಕಿದ ವಾರ್ಡಿನಲ್ಲಿದ್ದ ರೋಗಿಯ ಮಾತು ಯಾವ ಶಾಸಕನ ಕಿವಿಗೂ ಬೀಳುತ್ತಿರಲಿಲ್ಲ. ಅವರಿಗೆ ಇರುವ ಒಂದೇ ಬಾಗಿಲು ಕೋರ್ಟು. ನಮ್ಮ ಸುಪ್ರೀಂ ಕೋರ್ಟ್ ಕೂಡ 1979ರ ಹುಸೈನಾರಾ ಖಾತೂನ್ ಪ್ರಕರಣದಲ್ಲಿ ವಿಚಾರಣಾಧೀನ ಕೈದಿಗಳ ಪರವಾಗಿ, ಹಣದ ಕೊರತೆ ಹೇಳಿ ತ್ವರಿತ ವಿಚಾರಣೆಯ ಹಕ್ಕು ತಪ್ಪಿಸಲಾಗದು ಎಂದದ್ದು ಇದೇ ಜಾಡಿನ ವಿಚಾರ. ನಾವು ಕಂಟಿನ್ಯೂಯಿಂಗ್ ಮ್ಯಾಂಡಮಸ್ (ಆದೇಶ ಕೊಟ್ಟ ಮೇಲೂ ಪ್ರಕರಣ ಮುಚ್ಚದೆ ಜಾರಿಯ ಮೇಲೆ ನಿಗಾ ಇಡುವುದು) ಎನ್ನುವುದನ್ನು ಜಾನ್ಸನ್ ಸಾಕ್ಷಿ ಕೇಳುವ ಕೋರ್ಟಿನಲ್ಲೇ ಮಾಡಿದರು. ವ್ಯತ್ಯಾಸ ಇರುವುದು ಅಲ್ಲಿ. ಜೈಲಿನ ವೈದ್ಯನನ್ನು ಎದುರಿಗೆ ನಿಲ್ಲಿಸಿ ಪಾಟೀಸವಾಲು ಮಾಡಿದ ಮೇಲೆ ಬರೆದ ಆದೇಶಕ್ಕೂ, ಅಧೀನ ಕಾರ್ಯದರ್ಶಿಯ ಅಫಿಡವಿಟ್ ಓದಿ ಬರೆದ ಆದೇಶಕ್ಕೂ ತೂಕ ಬೇರೆ.

ಮಲಪ್ರಭಾ ದಂಡಿ

ವಕೀಲ್ ಸಾಹೇಬ್ರ, ಆದೇಶ ಬರದ್ರ ಜಾರಿ ಆತೇನ್ರಿ? ಅದನ್ನೂ ಹೇಳ್ರಿ.

ತಾಲೂಕು ವಕೀಲ

ಪೂರ್ತಿ ಆಗಲಿಲ್ಲ ರೀ. ಜೈಲುಗಳನ್ನು ಸರಿಪಡಿಸದೆ ಎಳೆದಾಡಿದ್ದಕ್ಕೆ 1979ರಲ್ಲಿ ಜಾನ್ಸನ್ ಅವುಗಳ ಉಸ್ತುವಾರಿಯನ್ನು ರಿಸೀವರ್‌ಗೆ, ಅಂದರೆ ಕೋರ್ಟು ನೇಮಿಸುವ ಆಡಳಿತಗಾರರಿಗೆ ಒಪ್ಪಿಸಿದರು. ರಿಸೀವರ್ ಯಾರು ಗೊತ್ತೇ? ಹೊಸದಾಗಿ ಬಂದಿದ್ದ ಗವರ್ನರ್ ಫಾಬ್ ಜೇಮ್ಸ್! ಹೊಣೆ ಹೊರಬೇಕಾದವರ ಹೆಗಲಿಗೇ ಹೊರಿಸಿದರು. ಸ್ವಲ್ಪ ಕಾಲ ಸುಧಾರಿಸಿತು. ಆದರೆ 2019ರಲ್ಲಿ ಅಮೆರಿಕದ ನ್ಯಾಯ ಇಲಾಖೆ ಅಲಬಾಮಾದ ಗಂಡಸರ ಜೈಲುಗಳ ಬಗ್ಗೆ ವರದಿ ಕೊಟ್ಟು, 2020ರಲ್ಲಿ ರಾಜ್ಯದ ಮೇಲೆ ದಾವೆ ಹೂಡಿತು. ಕಾರಣ ಮತ್ತೆ ಅದೇ: ಕಿಕ್ಕಿರಿದ ಜೈಲು, ಹಿಂಸೆ, ಸಿಬ್ಬಂದಿ ಕೊರತೆ.

ಬ್ರೈಸ್ ಪ್ರಕರಣ ಮಾತ್ರ ದಡ ಸೇರಿತು. 1970ರಲ್ಲಿ ಶುರುವಾದದ್ದು 2003ರ ಡಿಸೆಂಬರ್‌ನಲ್ಲಿ ಮುಗಿಯಿತು. ಮುಗಿಸಿದವರು ಮೈರನ್ ಥಾಂಪ್ಸನ್. 1980ರಲ್ಲಿ ಜಾನ್ಸನ್ ತೆರವು ಮಾಡಿದ ಸ್ಥಾನಕ್ಕೆ ಬಂದ ಕಪ್ಪು ನ್ಯಾಯಾಧೀಶರು, ಹುಟ್ಟಿದ್ದು ಟಸ್ಕೀಗಿಯಲ್ಲಿ. ಗೊಮಿಲಿಯನ್ ದಾವೆ ವಜಾ ಆದಾಗ ಆ ಊರಿನ ಶಾಲಾ ಹುಡುಗ.

ಜೇನುಗೂಡು

ಆ ವರ್ಷಗಳಲ್ಲಿ ಬ್ರೈಸ್‌ನಲ್ಲಿ ರೋಗಿಗಳ ಸಂಖ್ಯೆಯೂ ಇಳಿಯಿತು, ಅದರ ಬಗ್ಗೆ ಒಂದು ಮಾತು ಸೇರಿಸಲೇಬೇಕು. ಮಾನದಂಡಗಳನ್ನು ಮುಟ್ಟಲು ಸಿಬ್ಬಂದಿ ಹೆಚ್ಚಿಸುವುದು ಒಂದು ದಾರಿ, ರೋಗಿಗಳನ್ನು ಹೊರಗೆ ಕಳಿಸುವುದು ಇನ್ನೊಂದು. ಹೊರಗೆ ಹೋದವರಲ್ಲಿ ಒಳಗೆ ಇರಬೇಕಾದ ಅಗತ್ಯವೇ ಇಲ್ಲದವರು ಬಹಳ ಜನ, ಅವರಿಗೆ ಇದು ಬಿಡುಗಡೆ. ಆದರೆ ಮನೆ ಇಲ್ಲದ, ಊರಿನಲ್ಲಿ ಔಷಧಿ ಕೊಡುವವರಿಲ್ಲದ ರೋಗಿಗೆ ಹೊರಗಿನ ವ್ಯವಸ್ಥೆ ಕೋರ್ಟಿನ ಆದೇಶದಿಂದ ತಾನಾಗಿ ಹುಟ್ಟುವುದಿಲ್ಲ. ಗೋಡೆಯೊಳಗೆ ಏನಿರಬೇಕು ಎಂದು ನ್ಯಾಯಾಧೀಶರು ಬರೆಯಬಲ್ಲರು, ಗೋಡೆಯಾಚೆಯದು ಸರ್ಕಾರ ಮತ್ತು ಸಮಾಜದ ಕೈಯಲ್ಲೇ ಇದೆ.

ಅಟ್ಲಾಂಟಾ ಕನ್ನಡಿಗ

ಅವರು ತೆತ್ತ ಬೆಲೆ ಯಾರೂ ಹೇಳಲಿಲ್ಲ. ಬಸ್ ತೀರ್ಪಿನ ವರ್ಷವೇ ಮನೆಯಂಗಳದಲ್ಲಿ ಶಿಲುಬೆ ಸುಟ್ಟರು. ಬೆದರಿಕೆ ಪತ್ರ, ಫೋನು ನಿಲ್ಲಲಿಲ್ಲ. ವರ್ಷಗಟ್ಟಲೆ ಫೆಡರಲ್ ಮಾರ್ಷಲ್‌ಗಳ ಕಾವಲು. ಮಾಂಟ್‌ಗೊಮರಿಯ ಬಿಳಿ ಸಮಾಜ ದಂಪತಿಯನ್ನು ದೂರ ಇಟ್ಟಿತು. 1967ರ ಏಪ್ರಿಲ್‌ನಲ್ಲಿ ತಾಯಿಯ ಮನೆಗೆ ಬಾಂಬ್ ಇಟ್ಟರು, ಮಗನ ಮನೆ ಎಂದುಕೊಂಡೇ ಇಟ್ಟಿರಬೇಕು. ತಾಯಿಗೆ ಗಾಯವಾಗಲಿಲ್ಲ, ಅವರು ಊರು ಬಿಡಲೂ ಒಪ್ಪಲಿಲ್ಲ. 1975ರಲ್ಲಿ ಜಾನ್ಸನ್ ಮತ್ತು ಪತ್ನಿ ರೂತ್ ತಮ್ಮ ಒಬ್ಬನೇ ಮಗನನ್ನು ಕಳೆದುಕೊಂಡರು, ಆತ್ಮಹತ್ಯೆ. ಪುಗ್ ತೀರ್ಪು ಬಂದದ್ದು ಅದರ ಮರುವರ್ಷದ ಜನವರಿಯಲ್ಲಿ ಎಂಬುದನ್ನು ಲೆಕ್ಕ ಹಾಕಿದಾಗ ನನಗೆ ಮಾತು ಹೊರಡಲಿಲ್ಲ.

1977ರಲ್ಲಿ ಅಧ್ಯಕ್ಷ ಕಾರ್ಟರ್ ಅವರನ್ನು ಎಫ್‌ಬಿಐ ನಿರ್ದೇಶಕ ಹುದ್ದೆಗೆ ಹೆಸರಿಸಿದರು, ರಕ್ತನಾಳದ ಶಸ್ತ್ರಚಿಕಿತ್ಸೆಯಿಂದ ಆರೋಗ್ಯ ಕೆಟ್ಟು ಆ ಹುದ್ದೆ ಒಪ್ಪಲಾಗಲಿಲ್ಲ. 1979ರಲ್ಲಿ ಮೇಲ್ಮನವಿ ಕೋರ್ಟಿಗೆ ಹೋದರು. 1995ರಲ್ಲಿ ದೇಶದ ಅತ್ಯುನ್ನತ ನಾಗರಿಕ ಗೌರವ. 1999ರ ಜುಲೈ 23ರಂದು ತೀರಿಕೊಂಡರು, ಸಮಾಧಿ ಹುಟ್ಟೂರಿನ ಕಡೆ, ವಿನ್‌ಸ್ಟನ್ ಕೌಂಟಿಯಲ್ಲೇ.

ಜೇನುಗೂಡು

ಹೆಣ್ಣುಮಕ್ಕಳ ವಿಷಯದಲ್ಲಿ ಅವರ ತೀರ್ಪುಗಳೇನಾದರೂ ಇವೆಯೇ? ಯಾರಿಗಾದರೂ ಗೊತ್ತಿದ್ದರೆ ಹೇಳಿ.

ಮೂಡಲಮನೆ

ಇವೆ ಮೇಡಂ, ಎರಡು ಹೇಳ್ತೀನಿ. 1966ರಲ್ಲಿ ವೈಟ್ ವಿರುದ್ಧ ಕ್ರೂಕ್: ಅಲಬಾಮಾದಲ್ಲಿ ಹೆಂಗಸರು ಜ್ಯೂರಿಯಲ್ಲಿ ಕೂರುವಂತಿಲ್ಲ ಎಂಬ ಕಾಯ್ದೆಯನ್ನು ಅವರಿದ್ದ ಮೂವರ ಪೀಠ ಹೊಡೆದುಹಾಕಿತು. ಕಪ್ಪು ಜನರನ್ನು ಜ್ಯೂರಿಯಿಂದ ಹೊರಗಿಡುವುದನ್ನೂ ಅದೇ ತೀರ್ಪು ನಿಲ್ಲಿಸಿತು.

ಎರಡನೆಯದು ಶರಾನ್ ಫ್ರಾಂಟಿಯೆರೊ ಪ್ರಕರಣ. ಮಾಂಟ್‌ಗೊಮರಿಯ ಮ್ಯಾಕ್ಸ್‌ವೆಲ್ ವಾಯುನೆಲೆಯ ಲೆಫ್ಟಿನೆಂಟ್ ಆಕೆ. ಗಂಡಸು ಅಧಿಕಾರಿಯಾದರೆ ಹೆಂಡತಿ ಅವಲಂಬಿತಳೆಂದು ಕೇಳದೆಯೇ ಭತ್ಯೆ ಸಿಗುತ್ತಿತ್ತು. ಅಧಿಕಾರಿ ಹೆಂಗಸಾದರೆ ಗಂಡನ ಖರ್ಚಿನ ಅರ್ಧಕ್ಕಿಂತ ಹೆಚ್ಚು ತಾನೇ ಭರಿಸುತ್ತೇನೆ ಎಂದು ಸಾಬೀತು ಮಾಡಬೇಕಿತ್ತು. 1972ರಲ್ಲಿ ಮೂವರ ಪೀಠ ಎರಡಕ್ಕೆ ಒಂದರಂತೆ ಆಕೆಯ ವಿರುದ್ಧ ತೀರ್ಪು ಕೊಟ್ಟಿತು. ಬಹುಮತದ ತೀರ್ಪು ಬರೆದವರು, ಬಸ್ ಪ್ರಕರಣದಲ್ಲಿ ಜಾನ್ಸನ್ ಜೊತೆ ನಿಂತಿದ್ದ ಅದೇ ರಿಚರ್ಡ್ ರೈವ್ಸ್. ಈ ಸಲ ಜಾನ್ಸನ್ ಒಬ್ಬರೇ ಭಿನ್ನಮತ ಬರೆದರು. ಮರುವರ್ಷ ಸುಪ್ರೀಂ ಕೋರ್ಟಿನಲ್ಲಿ, ಮುಂದೆ ಅದೇ ಕೋರ್ಟಿನ ನ್ಯಾಯಮೂರ್ತಿಯಾದ ವಕೀಲೆ ರೂತ್ ಬೇಡರ್ ಗಿನ್ಸ್‌ಬರ್ಗ್ ಕೂಡ ಆಕೆಯ ಪರವಾಗಿ ವಾದಿಸಿದರು. 1973ರ ಮೇ 14ರಂದು ಎಂಟಕ್ಕೆ ಒಂದು ಮತದಿಂದ ಫ್ರಾಂಟಿಯೆರೊ ಗೆದ್ದರು.